ಅಧಿಕಾರತ್ಯಾಗವೂ ಅಂತರಂಗದ ಶಲ್ಯವೂ

ವ್ರತವೆಂದರೆ ವಿರತಿ. ಅನ್ನವನ್ನು ಬಿಡುವುದು ಒಂದು ವಿರತಿ, ರಾತ್ರಿಭೋಜನವನ್ನು ಬಿಡುವುದು ಒಂದು ವಿರತಿ, ಇಷ್ಟೇ ಹಣ, ಇಷ್ಟೇ ಹೊಲ ಎಂದು ಮೇರೆ ಹಾಕಿಕೊಳ್ಳುವುದೂ ಒಂದು ವಿರತಿ. ಇವುಗಳನ್ನು ಕುರಿತು ಶ್ರಾವಕರ ಮನೆಗಳಲ್ಲಿ ಬೇಕಾದಷ್ಟು ತಿಳಿವಳಿಕೆಯಿದೆ. ಅಷ್ಟಮಿ ಚತುರ್ದಶಿಗಳ ಪ್ರೋಷಧಕ್ಕೆ ಧಾರಣೆ ಯಾವಾಗ, ಪಾರಣೆ ಯಾವಾಗ ಎಂಬುದು ಮನೆಯ ಹೆಣ್ಣುಮಕ್ಕಳಿಗೆ ಪಂಚಾಂಗ ನೋಡದೆಯೂ ಗೊತ್ತಿರುತ್ತದೆ. ಆದರೆ ಮನುಷ್ಯನು ಬಿಡಲು ಬಹಳ ಕಷ್ಟಪಡುವ ಇನ್ನೊಂದು ವಸ್ತುವಿದೆ. ಅದು ಅಧಿಕಾರ. ಅದನ್ನು ಬಿಡುವ ಕ್ರಮವೇನು, ಬಿಟ್ಟದ್ದು ನಿಜವಾಗಿ ಬಿಟ್ಟಂತಾಯಿತೆ ಎಂದು ತಿಳಿಯುವ ಬಗೆಯೇನು ಎಂಬ ವಿಚಾರ ಅಷ್ಟಾಗಿ ನಡೆದಿಲ್ಲ. ಅಧಿಕಾರದಲ್ಲಿ ಕುಳಿತವನ ಮಗ್ಗುಲಲ್ಲಿ ಬಾಳುವ ಮಡದಿಯ ವಿಚಾರವಂತೂ ಇನ್ನೂ ಕಡಿಮೆ. ಪೀಠ ಆಕೆಯದಲ್ಲ, ಆದರೂ ಪೀಠದ ಭಾರ ಆಕೆಯ ಮೇಲೂ ಬೀಳುತ್ತದೆ. ಸಾರ್ವಜನಿಕ ಬಾಳನ್ನು ಬಿಟ್ಟು ಹೋಗಬೇಕೆಂದು ಆಕೆಗೆ ತೋರಿದರೆ ಅದು ವೈರಾಗ್ಯವೋ, ಬರಿಯ ಬೇಸರವೋ? ಅದನ್ನು ಅಳೆಯುವ ಕೋಲು ಯಾವುದು?

ಈ ಪ್ರಶ್ನೆಯನ್ನು ಎತ್ತಲು ಹಂಪಿಗಿಂತ ತಕ್ಕ ಸ್ಥಳ ಸಿಗಲಾರದು. ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯ ಮಗ್ಗುಲಲ್ಲಿ ಜನರು ಗಾಣಗಿತ್ತಿ ಗುಡಿಯೆಂದು ಕರೆಯುವ ಒಂದು ಬಸದಿಯಿದೆ. ಅದರ ಮುಂದೆ ನಿಂತಿರುವ ಕಲ್ಲಿನ ಕಂಬದ ಶಾಸನ ಶಕವರ್ಷ 1307ರದು, ಎಂದರೆ ಕ್ರಿ.ಶ. 1385-86ರದು. ಎರಡನೆಯ ಹರಿಹರನ ದಂಡನಾಯಕನಾಗಿದ್ದ ಇರುಗಪ್ಪನು ಕುಂಥು ಜಿನನಾಥನಿಗಾಗಿ ಈ ಶಿಲಾಮಯ ಚೈತ್ಯಾಲಯವನ್ನು ಮಾಡಿಸಿದನೆಂದು ಅದು ತಿಳಿಸುತ್ತದೆ. ಹದಿನೇಳನೆಯ ತೀರ್ಥಂಕರನಾದ ಕುಂಥುನಾಥನು ತೀರ್ಥಂಕರನಾಗುವ ಮೊದಲು ಷಟ್ಖಂಡವನ್ನಾಳಿದ ಚಕ್ರವರ್ತಿ. ಶಾಂತಿ, ಕುಂಥು, ಅರ ಈ ಮೂವರೂ ಹಸ್ತಿನಾಪುರದಲ್ಲಿ ಚಕ್ರರತ್ನವನ್ನು ಪಡೆದು, ಅನುಭವಿಸಿ, ಅದನ್ನು ಬಿಟ್ಟು ಹೊರಟವರು. ದಕ್ಷಿಣದ ದೊಡ್ಡ ರಾಜಧಾನಿಯೊಂದು ಏಳುತ್ತಿದ್ದ ಹೊತ್ತಿನಲ್ಲಿ, ಆ ರಾಜ್ಯದ ದಂಡನಾಯಕನೇ, ರಾಜ್ಯವನ್ನು ಬಿಟ್ಟುಹೋದ ಚಕ್ರವರ್ತಿಯ ಬಿಂಬವನ್ನು ನಿಲ್ಲಿಸಿದನು. ಇಂದು ಆ ರಾಜಧಾನಿಯ ಅರಮನೆಗಳಿದ್ದೆಡೆ ಬರಿಯ ಜಗತಿಗಳಿವೆ. ಬಸದಿಯ ಕಂಬ ಮಾತ್ರ ನಿಂತಿದೆ.

ಆದರೆ ಆ ರಾಜಧಾನಿಯ ಅಂತಃಪುರದಲ್ಲಿ ಬಾಳಿದ ಹೆಣ್ಣುಮಕ್ಕಳ ಮನಸ್ಸು ಏನಾಗಿತ್ತು? ಹೊಸಪೇಟೆಗೆ ಹಿಂದೆ ರಾಜಮನೆತನದ ಒಬ್ಬ ಸ್ತ್ರೀಯ ಹೆಸರಿನಿಂದ ನಾಗಲಾಪುರವೆಂಬ ಹೆಸರಿತ್ತು. ಹೆಸರು ಉಳಿಯಿತು, ಆಕೆಯ ಮಾತು ಉಳಿಯಲಿಲ್ಲ. ಬುಕ್ಕರಾಯನ ಸೊಸೆ, ಕುಮಾರ ಕಂಪಣನ ಮಡದಿ ಗಂಗಾದೇವಿಯು ಮಧುರಾವಿಜಯವೆಂಬ ಕಾವ್ಯವನ್ನು ಬರೆದಳು. ಅದು ಗಂಡನ ದಂಡಯಾತ್ರೆಯ ಕಥೆ, ತನ್ನ ಅಂತರಂಗದ ಕಥೆಯಲ್ಲ. ಶಾಸನವು ಊರಿಗೆಲ್ಲ ಹೇಳುವ ಮಾತು, ಕಾವ್ಯವು ಸಭೆಗೆ ಹೇಳುವ ಮಾತು. ಒಬ್ಬರಿಗೆ ಮಾತ್ರ ಹೇಳುವ ಮಾತು ಕಾಗದ. ಸಭೆಯಲ್ಲಿ ಮುಖವಿರುತ್ತದೆ, ಕಾಗದದಲ್ಲಿ ಮನಸ್ಸಿರುತ್ತದೆ. ಆದುದರಿಂದ ಅಧಿಕಾರದ ಮನೆಯಲ್ಲಿ ಬಾಳಿದ ಹೆಣ್ಣುಮಕ್ಕಳು ಆಪ್ತರಿಗೆ ಬರೆದ ಕಾಗದಗಳು ಎಲ್ಲಿಯಾದರೂ ದೊರೆತರೆ, ಅವು ತ್ಯಾಗದ ಪರೀಕ್ಷೆಗೆ ಒಳ್ಳೆಯ ಸಾಮಗ್ರಿ.

ಪರೀಕ್ಷೆಯ ಕೋಲನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಆಗಲೇ ಕೊಟ್ಟಿದ್ದಾರೆ. ಶಲ್ಯವಿಲ್ಲದವನೇ ವ್ರತಿ ಎಂಬುದು ಅವರ ಅಭಿಪ್ರಾಯ. ಶಲ್ಯವೆಂದರೆ ಮುಳ್ಳು. ಕಾಲಿಗೆ ಮುಳ್ಳು ನಾಟಿದವನು ಮೆಲ್ಲಗೆ ನಡೆದರೂ ಕುಂಟುತ್ತಾನೆ, ಓಡಿದರೂ ಕುಂಟುತ್ತಾನೆ. ಹಾಗೆಯೇ ಮನಸ್ಸಿಗೆ ನಾಟಿದ ಮುಳ್ಳುಗಳು ಮೂರು. ಒಳಗೊಂದು ಹೊರಗೊಂದು ಆಗಿರುವುದು ಮಾಯಾಶಲ್ಯ. ತತ್ತ್ವವನ್ನೇ ತಪ್ಪಾಗಿ ಹಿಡಿದಿರುವುದು ಮಿಥ್ಯಾಶಲ್ಯ. ಈಗ ಬಿಟ್ಟದ್ದಕ್ಕೆ ಮುಂದೆ ಹೆಚ್ಚಿನದು ದೊರೆಯಲಿ ಎಂದು ಒಳಗೊಳಗೆ ಬಯಸುವುದು ನಿದಾನಶಲ್ಯ. ಉಪವಾಸ ಮಾಡಿದವನ ಮನಸ್ಸು ನಾಳಿನ ಪಾರಣೆಯ ಅಡುಗೆಯಲ್ಲಿ ಸುತ್ತುತ್ತಿದ್ದರೆ ಹೊಟ್ಟೆ ಬರಿದಾಗಿರುತ್ತದೆ, ವ್ರತ ತುಂಬಿರುವುದಿಲ್ಲ. ಕಷಾಯಗಳನ್ನು ಬಿಡದೆ ಅನ್ನವನ್ನು ಮಾತ್ರ ಬಿಟ್ಟರೆ ಅದು ಲಂಘನ ಎಂದು ಹಿರಿಯರು ಹೇಳುತ್ತ ಬಂದಿರುವುದು ಇದಕ್ಕಾಗಿಯೇ. ಅಧಿಕಾರವನ್ನು ಬಿಟ್ಟವನ ಸ್ಥಿತಿಯೂ ಹೀಗೆಯೇ. ಕುರ್ಚಿ ಬಿಟ್ಟವನ ಕಣ್ಣು ಇನ್ನೂ ದೊಡ್ಡ ಕುರ್ಚಿಯ ಮೇಲಿದ್ದರೆ ಅದು ಅಧಿಕಾರದ ಲಂಘನವೇ ಹೊರತು ತ್ಯಾಗವಲ್ಲ.

ಬಾಹುಬಲಿಸ್ವಾಮಿಯ ಕಥೆ ಇದನ್ನು ಇನ್ನೂ ಸೂಕ್ಷ್ಮವಾಗಿ ತೋರಿಸುತ್ತದೆ. ಗೆದ್ದ ರಾಜ್ಯವನ್ನು ಗೆದ್ದ ಕ್ಷಣದಲ್ಲೇ ಬಿಟ್ಟವನು ಆತ. ನಿದಾನವಿರಲಿಲ್ಲ, ಮಾಯೆಯಿರಲಿಲ್ಲ. ವರ್ಷವಿಡೀ ಪ್ರತಿಮಾಯೋಗದಲ್ಲಿ ನಿಂತನು. ಬಳ್ಳಿ ಹಬ್ಬಿತು, ಹುತ್ತ ಬೆಳೆಯಿತು. ಆದರೂ ತಾನು ನಿಂತಿರುವ ನೆಲ ಭರತನದು ಎಂಬ ಒಂದು ಎಳೆ ಒಳಗೆ ಉಳಿದಿತ್ತೆಂದು ಕನ್ನಡ ನಾಡಿನ ಜೈನ ಪರಂಪರೆ ಹೇಳಿಕೊಂಡು ಬಂದಿದೆ. ಭರತನು ಬಂದು ಪೂಜಿಸಿದಾಗ ಆ ಎಳೆ ಕಡಿಯಿತು, ಕೇವಲಜ್ಞಾನ ಉದಯವಾಯಿತು. ಅಂತಹ ಮಹಾಪುರುಷನಿಗೇ ಅಷ್ಟು ಸಣ್ಣ ಎಳೆ ಅಡ್ಡಿಯಾದರೆ, ಸಾಮಾನ್ಯ ಗೃಹಸ್ಥರ ಒಳಗೆ ಎಷ್ಟು ಹಗ್ಗಗಳಿರಬೇಡ!

ಇನ್ನು ಕಾಗದಗಳ ವಿಚಾರ. ಅಮೆರಿಕದ ಮೊದಲನೆಯ ಅಧ್ಯಕ್ಷರಾದ ಜಾರ್ಜ್ ವಾಷಿಂಗ್ಟನ್ನರು 1789ರ ಏಪ್ರಿಲ್ 30ರಂದು ಅಧಿಕಾರ ವಹಿಸಿಕೊಂಡರು. ಅವರ ಪತ್ನಿ ಮಾರ್ಥಾ ಯುದ್ಧದ ವರ್ಷಗಳಲ್ಲಿ ಗಂಡನ ಪಾಳೆಯಗಳಲ್ಲಿ ಚಳಿಗಾಲಗಳನ್ನು ಕಳೆದಿದ್ದವರು. ಯುದ್ಧ ಮುಗಿದಮೇಲೆ ತಮ್ಮ ಮೌಂಟ್ ವರ್ನನ್ ತೋಟದ ಮನೆಯಲ್ಲಿ ಇಬ್ಬರೂ ಶಾಂತವಾಗಿ ಮುಪ್ಪನ್ನು ಕಳೆಯಬಹುದೆಂದು ನಂಬಿದ್ದರು. ಅದು ಆಗಲಿಲ್ಲ. ಆಗಿನ ರಾಜಧಾನಿಯಾಗಿದ್ದ ನ್ಯೂಯಾರ್ಕಿಗೆ ಬಂದು, ಅಕ್ಟೋಬರ್ ತಿಂಗಳಲ್ಲಿ ತಮ್ಮ ಸಹೋದರಿಯ ಮಗಳಿಗೆ ಬರೆದ ಕಾಗದದಲ್ಲಿ ತಮ್ಮ ಬಾಳು ರಾಜ್ಯದ ಸೆರೆಯಾಳಿನ ಬಾಳಿನಂತಾಗಿದೆ, ದಾಟಬಾರದ ಗೆರೆಗಳನ್ನು ತಮಗೆ ಹಾಕಿದ್ದಾರೆ ಎಂದು ತೋಡಿಕೊಂಡರು. ಎರಡು ತಿಂಗಳ ಮೇಲೆ, ಡಿಸೆಂಬರ್ 26ರಂದು, ಮರ್ಸಿ ವಾರೆನ್ ಎಂಬ ಗೆಳತಿಗೆ ಬರೆದ ಕಾಗದದ ಧಾಟಿ ಬೇರೆಯಾಗಿದೆ. ಬಯಸಿದ ಏಕಾಂತ ದೊರೆಯಲಿಲ್ಲವೆಂಬ ನೋವು ಅಲ್ಲಿಯೂ ಇದೆ. ಆದರೆ ಸುಖದುಃಖಗಳಲ್ಲಿ ಹೆಚ್ಚಿನ ಪಾಲು ಸನ್ನಿವೇಶದಿಂದಲ್ಲ, ಸ್ವಂತ ಮನೋಭಾವದಿಂದ ಬರುವುದೆಂದು ಅನುಭವದಿಂದ ಕಲಿತಿರುವೆನೆಂದೂ, ಎಲ್ಲಿದ್ದರೂ ಪ್ರಸನ್ನವಾಗಿರಲು ನಿಶ್ಚಯಿಸಿರುವೆನೆಂದೂ ಅದರಲ್ಲಿದೆ.

ಪರಿಣಾಮವೇ ಬಂಧಕ್ಕೂ ಮೋಕ್ಷಕ್ಕೂ ಕಾರಣವೆಂದು ಕೇಳುತ್ತ ಬೆಳೆದ ಶ್ರಾವಕರಿಗೆ ಈ ಮಾತು ಪರಕೀಯವೆನಿಸದು. ಮೊದಲ ಕಾಗದದಲ್ಲಿ ಮುಳ್ಳು ಕಾಣುತ್ತದೆ. ಎರಡನೆಯದರಲ್ಲಿ ಮುಳ್ಳನ್ನು ಕೀಳುವ ಪ್ರಯತ್ನ ಕಾಣುತ್ತದೆ. ಮುಳ್ಳೇ ಇಲ್ಲವೆಂದು ನಟಿಸದೆ ಆಪ್ತರ ಮುಂದೆ ಅದನ್ನು ತೋರಿಸಿದುದರಿಂದ ಅಲ್ಲಿ ಮಾಯಾಶಲ್ಯಕ್ಕೆ ಎಡೆ ಕಡಿಮೆ. ಗುರುಗಳ ಮುಂದೆ ಮಾಡುವ ಆಲೋಚನೆಗೂ ಗೆಳತಿಗೆ ಬರೆದ ಕಾಗದಕ್ಕೂ ಬಹಳ ಅಂತರವಿದೆ, ನಿಜ. ಆದರೂ ಬಚ್ಚಿಡದೆ ಹೇಳುವುದು ಎರಡಕ್ಕೂ ಮೊದಲ ಮೆಟ್ಟಿಲು.

ಆದರೆ ಪರೀಕ್ಷೆ ಇಷ್ಟಕ್ಕೇ ಮುಗಿಯದು. ಮೌಂಟ್ ವರ್ನನ್ನಿನ ಆ ಶಾಂತವಾದ ಮನೆಯಲ್ಲಿ ದುಡಿಯುತ್ತಿದ್ದವರು ಯಾರು? 1799ರಲ್ಲಿ ಅಲ್ಲಿ 300ಕ್ಕೂ ಹೆಚ್ಚು ಜನ ಕರಿಯರು ದಾಸ್ಯದಲ್ಲಿದ್ದರು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಬಂಧ ಮೊದಲನೆಯದು; ಅತಿಭಾರಾರೋಪಣವೂ ಅವುಗಳಲ್ಲೊಂದು. ಪ್ರಾಣಿಯನ್ನು ಬಿಗಿದು ಕಟ್ಟುವುದೇ ಅತಿಚಾರವಾದರೆ ಮನುಷ್ಯರನ್ನು ತಲೆಮಾರುಗಳವರೆಗೆ ಕಟ್ಟಿಹಾಕುವುದಕ್ಕೆ ಏನೆನ್ನಬೇಕು? ಮನೋಭಾವವೇ ಸುಖದ ಮೂಲವೆಂಬ ಮಾತು ಹೇಳುವವರ ಬಾಯಲ್ಲಿ ಸತ್ಯವಿರಬಹುದು. ಅವರ ಮನೆಯ ಕೆಲಸದವರಿಗೆ ಅದನ್ನು ಉಪದೇಶಿಸುವ ಅಧಿಕಾರ ಮಾತ್ರ ಅವರಿಗಿಲ್ಲ. ತನ್ನ ಶಾಂತಿಯ ಕೆಳಗೆ ಯಾರ ಬೆನ್ನಿದೆ ಎಂದು ನೋಡದ ಶಾಂತಿ ಅಪೂರ್ಣ.

ಮುಂದಿನ ಘಟನೆ ಇನ್ನೂ ವಿಚಾರಾರ್ಹ. ವಾಷಿಂಗ್ಟನ್ನರು 1797ರಲ್ಲಿ ಪದವಿಯನ್ನು ಬಿಟ್ಟು ಊರಿಗೆ ಮರಳಿದರು, 1799ರ ಡಿಸೆಂಬರ್ 14ರಂದು ತೀರಿಕೊಂಡರು. ತಮಗೆ ಸೇರಿದ ದಾಸರಿಗೆ ಪತ್ನಿಯ ಮರಣಾನಂತರ ಬಿಡುಗಡೆಯಾಗಬೇಕೆಂದು ಉಯಿಲು ಬರೆದಿದ್ದರು. ಮಾರ್ಥಾ ಅಷ್ಟು ಕಾಲ ಕಾಯದೆ 1801ರ ಜನವರಿ 1ರಿಂದಲೇ ಅವರಿಗೆ ಬಿಡುಗಡೆ ಕೊಟ್ಟರು. ಇದು ಉದಾರತೆಯಂತೆ ಕಾಣುತ್ತದೆ. ಆದರೆ ಅದರ ಹಿಂದಿನ ತಿಂಗಳು, ಡಿಸೆಂಬರಿನಲ್ಲಿ, ಆಕೆಯನ್ನು ಕಂಡುಬಂದ ಅಬಿಗೇಲ್ ಆಡಮ್ಸ್, ಎಂದರೆ ಎರಡನೆಯ ಅಧ್ಯಕ್ಷರ ಪತ್ನಿ, ತಮ್ಮ ಸಹೋದರಿಗೆ ಬರೆದ ಕಾಗದ ಬೇರೆ ಕಾರಣ ಹೇಳುತ್ತದೆ. ತನ್ನ ಸಾವಿನಿಂದ ಅಷ್ಟು ಜನಕ್ಕೆ ಬಿಡುಗಡೆ ದೊರೆಯುವುದಾದರೆ, ಅವರ ನಡುವೆ ತನ್ನ ಪ್ರಾಣ ಸುರಕ್ಷಿತವಲ್ಲವೆಂಬ ಅಂಜಿಕೆ ಮಾರ್ಥಾ ಅವರಿಗಿತ್ತು. ಬಿಡುಗಡೆ ಹೊಂದಿದವರ ಪಾಲಿಗೆ ಬಿಡುಗಡೆ ಬಿಡುಗಡೆಯೇ. ಕಾರಣ ಏನಾಗಿದ್ದರೂ ಅದರ ಬೆಲೆ ಕುಗ್ಗದು. ಬಿಟ್ಟವರ ಪಾಲಿಗೆ ಮಾತ್ರ ಕಾರಣವೇ ಎಲ್ಲವೂ. ಭಯದಿಂದ ಬಿಟ್ಟದ್ದು ದಾನವಲ್ಲ, ತ್ಯಾಗವೂ ಅಲ್ಲ. ಹೊರಗಿನ ಕ್ರಿಯೆ ಒಂದೇ ಆಗಿದ್ದು ಒಳಗಿನ ಭಾವ ಬೇರೆಯಾಗಿರುವುದನ್ನು ಒಂದು ಖಾಸಗಿ ಕಾಗದ ಹೀಗೆ ಬಯಲಿಗೆ ತಂದಿತು.

ಗಂಡ ತೀರಿಕೊಂಡ ಮೇಲೆ ಮಾರ್ಥಾ ತಮ್ಮಿಬ್ಬರ ನಡುವೆ ನಡೆದ ಕಾಗದಗಳನ್ನೆಲ್ಲ ಸುಟ್ಟುಹಾಕಿದರು. ಕೈತಪ್ಪಿ ಉಳಿದವು ಬೆರಳೆಣಿಕೆಯಷ್ಟು. ಇದು ಸರಿಯೆ? ಇಲ್ಲಿ ಎರಡು ವಸ್ತುಗಳನ್ನು ಬೇರ್ಪಡಿಸಿ ನೋಡಬೇಕು. ಒಂದು ಮಾಯೆ, ಇನ್ನೊಂದು ಗುಪ್ತಿ. ಎರಡರಲ್ಲಿಯೂ ಮರೆಮಾಡುವುದು ಇದೆ. ಪರರನ್ನು ತಪ್ಪುದಾರಿಗೆ ಎಳೆಯಲು ಮರೆಮಾಡಿದರೆ ಅದು ಮಾಯೆ. ಮನಸ್ಸು, ಮಾತು, ಮೈಗಳನ್ನು ಅನವಶ್ಯಕವಾದ ಹರಿದಾಟದಿಂದ ಕಾಪಾಡಿಕೊಳ್ಳುವುದು ಗುಪ್ತಿ. ಲೆಕ್ಕಪತ್ರವನ್ನು ಸುಟ್ಟವನು ಮಾಯಾವಿ. ದಾಂಪತ್ಯದ ಕಾಗದವನ್ನು ಸುಟ್ಟವರನ್ನು ಹಾಗೆನ್ನಲಾಗದು. ಗಂಡನ ಪದವಿ ದೇಶಕ್ಕೆ ಸೇರಿದ್ದು, ದೇಶ ಅದರ ಲೆಕ್ಕ ಕೇಳಬಹುದು. ಹೆಂಡತಿಗೆ ಆತನಾಡಿದ ಮಾತು ದೇಶಕ್ಕೆ ಸೇರಿದ್ದಲ್ಲ.

ಭಾರತದಲ್ಲಿ ಇದಕ್ಕೆ ಸಮೀಪವಾದ ಒಂದು ಪ್ರಸಂಗ ನಡೆದಿದೆ. ಜವಾಹರಲಾಲ ನೆಹರೂ ಅವರ ಪತ್ನಿ ಕಮಲಾ ನೆಹರೂ ಅವರಿಗೂ ಜಯಪ್ರಕಾಶ ನಾರಾಯಣರ ಪತ್ನಿ ಪ್ರಭಾವತಿದೇವಿಯವರಿಗೂ ಆಳವಾದ ಸ್ನೇಹವಿತ್ತು. ಕಮಲಾ ಅವರು ಅಸಹಕಾರ, ಕಾಯಿದೆಭಂಗ ಚಳವಳಿಗಳಲ್ಲಿ ಅಲಹಾಬಾದಿನ ಹೆಣ್ಣುಮಕ್ಕಳನ್ನು ಬೀದಿಗಿಳಿಸಿದವರು, 1931ರ ಜನವರಿ 1ರಂದು ಸೆರೆಯಾದವರು. ಅದೇ ಕಮಲಾ ಅವರು ಬಂಗಾಳದ ಬೇಲೂರು ಮಠದ ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದು, ಕ್ಷಯರೋಗದ ಕಡೆಯ ವರ್ಷಗಳಲ್ಲಿ ಅಂತರ್ಮುಖರಾಗಿ, 1936ರ ಫೆಬ್ರವರಿ 28ರಂದು ಸ್ವಿಟ್ಜರ್ಲೆಂಡಿನ ಲೋಸಾನಿನಲ್ಲಿ ಕಣ್ಣುಮುಚ್ಚಿದರು. ಪ್ರಭಾವತಿಯವರು ಗಂಡ ಅಮೆರಿಕದಲ್ಲಿ ಓದುತ್ತಿದ್ದಾಗ ಗಾಂಧೀಜಿಯವರ ಆಶ್ರಮದಲ್ಲಿದ್ದು ಬ್ರಹ್ಮಚರ್ಯವ್ರತವನ್ನು ತೊಟ್ಟವರು. 1929ರಲ್ಲಿ ಹಿಂದಿರುಗಿದ ಜಯಪ್ರಕಾಶರು ಅದನ್ನು ಗೌರವಿಸಿ ಬಾಳಿನುದ್ದಕ್ಕೂ ನಡೆಸಿಕೊಟ್ಟರು. ರಾಜಕಾರಣದ ಗದ್ದಲದ ನಡುವೆ ಬಾಳಿದ ಈ ಇಬ್ಬರು ಹೆಣ್ಣುಮಕ್ಕಳ ನಡುವೆ ಕಾಗದಗಳು ನಡೆದಿದ್ದವು. ಅವನ್ನು ಪ್ರಭಾವತಿಯವರು ಜೋಪಾನವಾಗಿ ಇಟ್ಟುಕೊಂಡಿದ್ದರು.

ಪ್ರಭಾವತಿಯವರು 1973ರ ಏಪ್ರಿಲಿನಲ್ಲಿ ತೀರಿಕೊಂಡರು. ಮರುವರ್ಷ ಬಿಹಾರದ ಚಳವಳಿ ಕಾವೇರಿತು. ಒಂದು ಕಡೆ ಜಯಪ್ರಕಾಶರು, ಇನ್ನೊಂದು ಕಡೆ ಪ್ರಧಾನಿಯಾಗಿದ್ದ ಕಮಲಾ ಅವರ ಮಗಳು ಇಂದಿರಾ ಗಾಂಧಿಯವರು. 1974ರ ನವೆಂಬರಿನಲ್ಲಿ ಇಬ್ಬರ ನಡುವೆ ಮಾತುಕತೆ ನಡೆದು ಮುರಿದುಬಿತ್ತು. ಹೊರಡುವ ಮೊದಲು ಜಯಪ್ರಕಾಶರು, ಕಮಲಾ ಅವರು ಪ್ರಭಾವತಿಯವರಿಗೆ ಬರೆದಿದ್ದ ಹಳೆಯ ಕಾಗದಗಳ ಕಟ್ಟನ್ನು ಮಗಳ ಕೈಗೆ ಒಪ್ಪಿಸಿದರು. ಎದುರಾಳಿಯ ಮನೆಯ ಒಳಮಾತು ಕೈಯಲ್ಲಿದ್ದಾಗ ಅದನ್ನು ಆಯುಧ ಮಾಡಿಕೊಳ್ಳುವವರೇ ಹೆಚ್ಚು. ಅವರು ಹಾಗೆ ಮಾಡಲಿಲ್ಲ. ಮುಂದಿನ ಜೂನ್ ತಿಂಗಳಲ್ಲಿ ತುರ್ತುಪರಿಸ್ಥಿತಿ ಬಂದು ಅವರೇ ಸೆರೆಯಾದರು.

ಇದರ ನೈತಿಕ ಬೆಲೆಯನ್ನು ತಿಳಿಯಲು ಸತ್ಯಾಣುವ್ರತದ ಐದು ಅತಿಚಾರಗಳನ್ನು ನೆನೆಯಬೇಕು. ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಇವುಗಳಲ್ಲಿ ರಹೋಭ್ಯಾಖ್ಯಾನವೆಂದರೆ ಸ್ತ್ರೀಪುರುಷರ ಏಕಾಂತವನ್ನು ಹೊರಗೆ ಹಾಕುವುದು. ಹೊರಗೆ ಹಾಕಿದ್ದು ಸುಳ್ಳೆಂದು ಆಚಾರ್ಯರು ಹೇಳಿಲ್ಲ. ನಿಜವೇ ಆಗಿದ್ದರೂ ಅದು ಸತ್ಯವ್ರತಕ್ಕೆ ಕಲಂಕ. ನ್ಯಾಸಾಪಹಾರವೆಂದರೆ ನಂಬಿ ಇಟ್ಟ ಒತ್ತೆಯನ್ನು ನುಂಗುವುದು. ಒಬ್ಬ ಹೆಣ್ಣುಮಗಳು ನಂಬಿ ಬರೆದ ಕಾಗದವೂ ಒಂದು ಒತ್ತೆಯೇ. ಅದನ್ನು ವಾರಸುದಾರರಿಗೆ ಮುಟ್ಟಿಸುವುದು ಒತ್ತೆಯನ್ನು ಹಿಂದಿರುಗಿಸುವ ಧರ್ಮ. ಸತ್ಯವೆಂದರೆ ತಿಳಿದದ್ದನ್ನೆಲ್ಲ ಹೇಳುವುದಲ್ಲ, ಹೇಳಿದ್ದೆಲ್ಲ ಹಿಂಸೆಯಿಲ್ಲದ ಸತ್ಯವಾಗಿರುವಂತೆ ನೋಡಿಕೊಳ್ಳುವುದು. ಈಗಾಗಲೇ ಅಚ್ಚಾಗಿ ಲೋಕದ ಸೊತ್ತಾಗಿರುವ ಮಾರ್ಥಾ ಅವರ ಕಾಗದಗಳಂತಹವನ್ನು ಓದುವವರೂ ತಮ್ಮ ಮುಳ್ಳನ್ನು ಹುಡುಕಲು ಓದಬೇಕು, ಪರರ ಗಾಯವನ್ನು ನೋಡಿ ಸಂತೋಷಪಡಲು ಓದಬಾರದು.

ಕಾಗದವಿಲ್ಲದೆ ಬರಿಯ ನಡತೆಯಿಂದಲೇ ಈ ಪರೀಕ್ಷೆಯಲ್ಲಿ ಉತ್ತೀರ್ಣಳಾದ ಶ್ರಾವಕಿಯೊಬ್ಬಳು ಕನ್ನಡ ನಾಡಿನಲ್ಲಿ ಆಗಿಹೋಗಿದ್ದಾಳೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನ ಆಕೆಯ ಕಥೆಯನ್ನು ಹೇಳುತ್ತದೆ. ಕ್ರಿ.ಶ. 911ರ ಸುಮಾರು, ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಂಡನು. ಅರಸನು ಆ ಪದವಿಯನ್ನು ಆತನ ಮಡದಿ ಜಕ್ಕಿಯಬ್ಬೆಗೆ ಕೊಟ್ಟನು. ಎಪ್ಪತ್ತು ಹಳ್ಳಿಗಳ ಆಡಳಿತ ಒಬ್ಬ ವಿಧವೆಯ ಕೈಗೆ ಬಂದಿತು. ಆಕೆ ಅದನ್ನು ಬೇಡವೆನ್ನಲಿಲ್ಲ, ಹೆಸರಿಗೆ ಮಾತ್ರ ಇಟ್ಟುಕೊಳ್ಳಲೂ ಇಲ್ಲ. ಆಳುವ ಜಾಣ್ಮೆಯನ್ನೂ ಜಿನಭಕ್ತಿಯನ್ನೂ ಶಾಸನ ಒಟ್ಟಿಗೆ ಹೊಗಳುತ್ತದೆ. ಕೆಲವು ವರ್ಷಗಳ ಮೇಲೆ ಮೈಗೆ ರೋಗ ತಗುಲಿತು. ಸಂಸಾರದ ಭೋಗಗಳು ನಿಸ್ಸಾರವೆಂದು ಬಗೆದು, ಮಗಳನ್ನು ಕರೆಸಿ ತನ್ನದನ್ನು ಅವಳಿಗೆ ಒಪ್ಪಿಸಿ, ಬಂದಣಿಕೆಯ ತೀರ್ಥಕ್ಕೆ ಬಂದು ಬಸದಿಯಲ್ಲಿ ಸಲ್ಲೇಖನವನ್ನು ಸ್ವೀಕರಿಸಿ ಮುಡಿಪಿದಳು. ಅದು 918ನೆಯ ಇಸವಿ.

ಈ ನಿರ್ಗಮನದ ಕ್ರಮವನ್ನು ಗಮನಿಸಬೇಕು. ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಎಂಟನೆಯದು ಆರಂಭತ್ಯಾಗ, ಒಂಬತ್ತನೆಯದು ಪರಿಗ್ರಹತ್ಯಾಗ, ಹತ್ತನೆಯದು ಅನುಮತಿತ್ಯಾಗ. ಮೊದಲು ಉದ್ಯೋಗ ಬಿಡಬೇಕು, ಆಮೇಲೆ ಸೊತ್ತು ಬಿಡಬೇಕು, ಕಡೆಗೆ ಸಲಹೆ ಕೊಡುವುದನ್ನೂ ಬಿಡಬೇಕು. ಲೋಕದಲ್ಲಿ ಅಧಿಕಾರ ಬಿಟ್ಟವರು ಬಹುಮಟ್ಟಿಗೆ ಮೊದಲನೆಯ ಮೆಟ್ಟಿಲಲ್ಲಿ ನಿಲ್ಲುತ್ತಾರೆ. ರಾಜೀನಾಮೆ ಕೊಟ್ಟಿರುತ್ತಾರೆ, ಮನೆಗೆ ಕಡತಗಳು ಬರುತ್ತಲೇ ಇರುತ್ತವೆ. ಮಗನಿಗೋ ಸೊಸೆಗೋ ಸ್ಥಾನ ಬಿಟ್ಟುಕೊಟ್ಟಿರುತ್ತಾರೆ. ಯಾರನ್ನು ನೇಮಿಸಬೇಕು, ಯಾರನ್ನು ತೆಗೆಯಬೇಕು ಎಂಬುದು ಇವರ ಜಗುಲಿಯಲ್ಲೇ ತೀರ್ಮಾನವಾಗುತ್ತದೆ. ಆರಂಭ ಬಿಟ್ಟಿದೆ, ಅನುಮತಿ ಬಿಟ್ಟಿಲ್ಲ. ಜಕ್ಕಿಯಬ್ಬೆ ಮೂರನ್ನೂ ಒಂದೇ ಬಾರಿಗೆ ಬಿಟ್ಟಳು. ಮಗಳಿಗೆ ಒಪ್ಪಿಸಿದ ಮೇಲೆ ಆಕೆ ಇದ್ದದ್ದು ಅಧಿಕಾರದ ಮನೆಯಲ್ಲಲ್ಲ, ಬಸದಿಯಲ್ಲಿ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಆಳುವವಳು ಬಿಟ್ಟುಹೋಗುವುದು ಹೊಣೆಯಿಂದ ನುಣುಚಿಕೊಂಡಂತಲ್ಲವೆ? ನುಣುಚಿಕೊಳ್ಳುವುದಕ್ಕೂ ಒಪ್ಪಿಸಿ ಹೋಗುವುದಕ್ಕೂ ಇರುವ ಭೇದವೇ ಇದಕ್ಕೆ ಉತ್ತರ. ಸಮಂತಭದ್ರಾಚಾರ್ಯರು ಸಲ್ಲೇಖನಕ್ಕೆ ಹೇಳಿದ ಪೂರ್ವಸಿದ್ಧತೆಯಲ್ಲಿ ಸ್ನೇಹ, ವೈರ, ಪರಿಗ್ರಹಗಳನ್ನು ಬಿಡುವುದು, ಬಂಧುಗಳನ್ನೂ ಪರಿಜನರನ್ನೂ ಕ್ಷಮಿಸಿ ಅವರಿಂದ ಕ್ಷಮೆ ಬೇಡುವುದು, ಮಾಡಿದ, ಮಾಡಿಸಿದ, ಅನುಮೋದಿಸಿದ ಪಾಪಗಳನ್ನು ಕಪಟವಿಲ್ಲದೆ ಹೇಳಿಕೊಳ್ಳುವುದು ಸೇರಿವೆ. ಇಷ್ಟನ್ನು ಮಾಡಿದವರು ಓಡಿಹೋದವರಲ್ಲ. ಕಂಪ್ಲಿಯ ಇತಿಹಾಸ ಇನ್ನೊಂದು ಬಗೆಯ ಅಂತ್ಯವನ್ನು ತೋರಿಸುತ್ತದೆ. 1327ರ ಸುಮಾರಿಗೆ ದೆಹಲಿಯ ಸೈನ್ಯ ಮುತ್ತಿದಾಗ ಕಂಪಿಲರಾಯನ ಮನೆಯ ಹೆಂಗಸರು ಬೆಂಕಿಗೆ ಹಾರಿದರೆಂದು ಇಬನ್ ಬತೂತನು ಬರೆದಿಟ್ಟಿದ್ದಾನೆ. ಅವರ ಸಂಕಟದ ಮುಂದೆ ತಲೆ ಬಾಗಲೇಬೇಕು. ಆದರೆ ಅದು ಕಾಲ ತಂದೊಡ್ಡಿದ ಬಲವಂತ, ವ್ರತವಲ್ಲ. ಉದ್ವೇಗದಲ್ಲಿ ದೇಹವನ್ನು ಬಿಡುವುದು ಜಿನಧರ್ಮಕ್ಕೆ ಸಮ್ಮತವಲ್ಲ. ಅತ್ತಿಮಬ್ಬೆಯ ಮನೆಯಲ್ಲಿಯೇ ಈ ಎರಡು ದಾರಿಗಳು ಎದುರಾದವು. ಗಂಡ ನಾಗದೇವನು ಯುದ್ಧದಲ್ಲಿ ಮಡಿದಾಗ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನಿಗಾಗಿ ಉಳಿದು, ವ್ರತನಿಯಮಗಳಿಂದ ಬಾಳಿ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ನಾಡು ದಾನಚಿಂತಾಮಣಿ ಎಂದು ನೆನೆಯುವುದು ಉಳಿದವಳನ್ನೇ.

ಈ ವಿಚಾರ ರಾಣಿಯರಿಗೂ ಅಧ್ಯಕ್ಷರ ಪತ್ನಿಯರಿಗೂ ಮಾತ್ರ ಸಂಬಂಧಿಸಿದ್ದಲ್ಲ. ಕರ್ನಾಟಕದ ಪಂಚಾಯತಿಗಳಲ್ಲಿ 2010ರ ತಿದ್ದುಪಡಿಯಿಂದ ಅರ್ಧದಷ್ಟು ಸ್ಥಾನಗಳು ಹೆಣ್ಣುಮಕ್ಕಳಿಗೆ ಮೀಸಲಾದವು. 2024ರ ನವೆಂಬರಿನಲ್ಲಿ ಸೊಂಡೂರಿನ ವಿಧಾನಸಭಾ ಉಪಚುನಾವಣೆಯಲ್ಲಿ, ಲೋಕಸಭೆಗೆ ಆಯ್ಕೆಯಾಗಿ ಸ್ಥಾನ ತೆರವು ಮಾಡಿದವರ ಪತ್ನಿಯೇ ಆಯ್ಕೆಯಾದರು. ಗಂಡನ ಸ್ಥಾನ ಮಡದಿಗೆ ಬರುವುದು ನಾಗರಖಂಡದ ಕಾಲಕ್ಕೆ ಮುಗಿದುಹೋದ ಸಂಗತಿಯಲ್ಲ. ಹೊಸಪೇಟೆ, ಸೊಂಡೂರು, ಕಂಪ್ಲಿಗಳ ಬೀದಿಗಳಲ್ಲಿ ಅಧ್ಯಕ್ಷೆ, ಸದಸ್ಯೆ, ಟ್ರಸ್ಟಿನ ಕಾರ್ಯದರ್ಶಿಯ ಪತ್ನಿ ಎಂದು ಕರೆಸಿಕೊಳ್ಳುವವರು ಎಷ್ಟೋ ಮಂದಿ. ಬಾಗಿಲಿಗೆ ಬಂದವರಿಗೆಲ್ಲ ನಗುಮುಖ ತೋರಿ, ರಾತ್ರಿ ಅಕ್ಕನಿಗೋ ತಾಯಿಗೋ ಫೋನಿನಲ್ಲಿ ‘ಇದೆಲ್ಲ ಯಾವಾಗ ಮುಗಿಯುತ್ತದೋ’ ಎಂದು ಉಸಿರುಬಿಡುವವರು ಅವರಲ್ಲಿರುತ್ತಾರೆ. ಕಾಗದದ ಕಾಲ ಹೋಯಿತು, ಮನಸ್ಸಿನ ಕಾಲ ಹೋಗಿಲ್ಲ. ಆ ಉಸಿರನ್ನು ಮನೆಯವರು ಕೇಳಿಸಿಕೊಳ್ಳಬೇಕು. ಒಬ್ಬರ ಕೀರ್ತಿಗಾಗಿ ಇನ್ನೊಬ್ಬರ ಮೇಲೆ ತಾಳಲಾರದ ಹೊರೆ ಹೊರಿಸುವುದು ಅತಿಭಾರಾರೋಪಣವೇ. ಆ ಹೊರೆ ಕಣ್ಣಿಗೆ ಕಾಣುವುದಿಲ್ಲವೆಂಬುದು ಸಮಾಧಾನವಲ್ಲ.

ಬಿಡುವ ಕಾಲ ಬಂದಾಗ ಅದನ್ನು ಒಂದು ನೋಂಪಿಯ ಉದ್ಯಾಪನೆಯಂತೆ ಮಾಡಬಹುದು. ಉದ್ಯಾಪನೆಯೆಂದರೆ ಮೆರವಣಿಗೆಯಲ್ಲ, ಸನ್ಮಾನದ ಶಾಲೂ ಅಲ್ಲ. ಕೈಯಲ್ಲಿದ್ದ ಲೆಕ್ಕವನ್ನು ಕಾಸಿನವರೆಗೆ ಒಪ್ಪಿಸುವುದು. ಅಧಿಕಾರದಲ್ಲಿದ್ದಾಗ ನೋಯಿಸಿದವರ ಮನೆಗೆ, ದಶಲಕ್ಷಣ ಪರ್ವದ ಕ್ಷಮಾವಾಣಿಯ ದಿನದವರೆಗೂ ಕಾಯದೆ, ಹೋಗಿ ಕ್ಷಮೆ ಕೇಳುವುದು. ದೇಶಾವಕಾಶಿಕ ವ್ರತದಲ್ಲಿ ಇಷ್ಟು ಕಾಲ ಈ ಎಲ್ಲೆ ದಾಟೆನೆಂದು ನಿಯಮ ಮಾಡುವಂತೆ, ಇಷ್ಟು ತಿಂಗಳು ಆ ಕಚೇರಿಯ ಮೆಟ್ಟಿಲು ಹತ್ತೆನು, ಅದರ ವಿಷಯ ಆಡೆನು ಎಂದು ನಿಯಮ ಮಾಡುವುದು. ಮುಂದಿನವರು ಕೇಳದೆ ಸಲಹೆ ಕೊಡದಿರುವುದು. ಬಿಟ್ಟವರ ಹೆಂಡತಿಯಾಗಲಿ ಗಂಡನಾಗಲಿ ಅದೇ ನಿಯಮವನ್ನು ತಾವೂ ತೊಡಬೇಕು. ಇಲ್ಲದಿದ್ದರೆ ಒಬ್ಬರು ಬಿಟ್ಟದ್ದು ಇನ್ನೊಬ್ಬರ ಮಾತಿನಲ್ಲಿ ಉಳಿದಿರುತ್ತದೆ.

ಎಲ್ಲವನ್ನೂ ಮಾಡಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಅದನ್ನು ಸಾಮಾಯಿಕದ ಹೊತ್ತಿನಲ್ಲಿ ಕುಳಿತು ತಾವೇ ಕೇಳಿಕೊಳ್ಳಬೇಕು. ನಾಳೆ ಬಂದು ಮತ್ತೆ ಕರೆದರೆ ಮನಸ್ಸು ಅರಳುವುದೆ? ಯಾರೂ ಕರೆಯದಿದ್ದರೆ ಕುದಿಯುವುದೆ? ಅರಳಿದರೆ ಅಲ್ಲಿ ನಿದಾನವಿದೆ, ಕುದಿದರೆ ಮಾನಕಷಾಯವಿದೆ. ಎರಡೂ ಇಲ್ಲವೆಂದು ನಾಲಗೆ ಬೇಗ ಉತ್ತರ ಕೊಟ್ಟರೆ, ಮಾಯೆಯಿದೆಯೆ ಎಂದು ಇನ್ನೊಮ್ಮೆ ನೋಡಿಕೊಳ್ಳಬೇಕು. ಮುಳ್ಳು ಕಂಡರೆ ನಾಚುವ ಕಾರಣವಿಲ್ಲ. ಕಂಡ ಮುಳ್ಳನ್ನು ಕೀಳಬಹುದು. ಕಾಣದಂತೆ ಮುಚ್ಚಿಟ್ಟ ಮುಳ್ಳೇ ಕೀವುಗಟ್ಟುವುದು.